77 ಗ್ರೇನ್ ಗುಂಡು, 1:8 ಬ್ಯಾರಲ್: ಆರು ವರ್ಷ ಬಳಸಿದ ಮೇಲೆ

ಒಂದು ಹಳೇ ಟಾರ್ಗೆಟ್ ಹಾಳೆಯನ್ನು ಈಗಲೂ ಎತ್ತಿಟ್ಟಿದ್ದೇನೆ. ಅದರಲ್ಲಿ ಐದು ತೂತು. ಮೂರು ದುಂಡಗಿವೆ. ಒಂದು ಕೋಳಿಮೊಟ್ಟೆ ಆಕಾರಕ್ಕೆ ತಿರುಗಿದೆ. ಐದನೆಯದು ಉದ್ದಕ್ಕೆ ಹರಿದಿದೆ, ಗುಂಡಿನ ಪಕ್ಕದ ಅಚ್ಚೇ ಕಾಗದದ ಮೇಲೆ ಬಿದ್ದಿದೆ. ಅಂದರೆ ಅದು ಮೂತಿ ಮುಂದಾಗಿ ಹೋಗಿಲ್ಲ, ಅಡ್ಡಡ್ಡ ಹೋಗಿ ಬಡಿದಿದೆ. ಶೂಟರ್‌ಗಳು ಕೀಹೋಲ್ ಅನ್ನುವುದು ಇದನ್ನೇ.

ಆಗ ನನ್ನ .223 ರೆಮಿಂಗ್ಟನ್ ರೈಫಲ್‌ಗೆ 1:9 ಬ್ಯಾರಲ್ ಇತ್ತು. ಬ್ಯಾರಲ್ ಒಳಗಿನ ಸುರುಳಿ ಗೀರುಗಳಿಂದಾಗಿ, 9 ಇಂಚು ಮುಂದೆ ಹೋಗುವಷ್ಟರಲ್ಲಿ ಗುಂಡು ಒಂದು ಸುತ್ತು ತಿರುಗುತ್ತದೆ ಅಂತ ಅರ್ಥ. 55 ಗ್ರೇನ್, 69 ಗ್ರೇನ್ ಗುಂಡು (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಎರಡೂ ಚೆನ್ನಾಗಿಯೇ ಹೋಗುತ್ತಿದ್ದವು. 600 ಗಜದಲ್ಲಿ ಗಾಳಿ ಜಾಸ್ತಿ ತಳ್ಳಬಾರದು ಅಂತ 80 ಗ್ರೇನ್ ಮ್ಯಾಚ್ ಗುಂಡು, ಅಂದರೆ ಗುರಿ ಸ್ಪರ್ಧೆಯ ಗುಂಡು, ತಂದೆ. ಬೇಸಿಗೆಯಲ್ಲಿ ತೂತುಗಳು ದುಂಡಗೇ ಬಿದ್ದವು. ಚಳಿ ಬಂದ ಮೇಲೆ ಒಂದು ಬೆಳಿಗ್ಗೆ ಸಿಕ್ಕಿದ್ದು ಈ ಹಾಳೆ. ತಂಪಾದ ಗಾಳಿ ದಟ್ಟವಾಗಿರುತ್ತದೆ, ಗುಂಡಿನ ಮೂತಿಯನ್ನು ಹೆಚ್ಚು ತಳ್ಳುತ್ತದೆ. ಮೊದಲೇ ಅಂಚಿನಲ್ಲಿದ್ದ ಗುಂಡಿಗೆ ಅಷ್ಟೇ ಸಾಕಾಯಿತು. ಬುಗುರಿಯ ಸುತ್ತು ಕಮ್ಮಿಯಾದಾಗ ತಲೆದೂಗುತ್ತದಲ್ಲ, ಹಾಗೆ.

ಮನೆಗೆ ಬಂದು ಬ್ಯಾರಲ್ ಅಳೆದೆ. ಕ್ಲೀನಿಂಗ್ ರಾಡ್‌ಗೆ ಬಿಗಿಯಾದ ಬಟ್ಟೆ ತುಂಡು ಸಿಕ್ಕಿಸಿ, ರಾಡ್ ಮೇಲೆ ಒಂದು ಗುರುತು ಹಾಕಿ, ನಿಧಾನಕ್ಕೆ ತಳ್ಳಬೇಕು. ಹಿಡಿ ಸಲೀಸಾಗಿ ತಿರುಗುವ ರಾಡ್ ಆಗಿರಬೇಕು. ಗುರುತು ಒಂದು ಪೂರ್ತಿ ಸುತ್ತು ಬಂದಾಗ ರಾಡ್ ಎಷ್ಟು ಇಂಚು ಒಳಗೆ ಹೋಗಿದೆಯೋ ಅದೇ ಟ್ವಿಸ್ಟ್. ಮೂರು ಸಲ ಮಾಡಿದೆ. ಮೂರು ಸಲವೂ ಒಂಬತ್ತೂಕಾಲು ಇಂಚಿನ ಹತ್ತಿರವೇ ಬಂತು. ಬ್ಯಾರಲ್ ಮೇಲೆ ಕೊರೆದ ಅಂಕಿಯನ್ನು ನಾನು ಅಲ್ಲಿವರೆಗೆ ಸುಮ್ನೆ ನಂಬಿಕೊಂಡಿದ್ದೆ.

ಆಮೇಲೆ 1:8 ಬ್ಯಾರಲ್ ಹಾಕಿಸಿದೆ. ಗುಂಡನ್ನು ಸಿಯೆರಾ ಮ್ಯಾಚ್‌ಕಿಂಗ್ 77 ಗ್ರೇನ್‌ಗೆ ಬದಲಿಸಿದೆ. ಆರು ವರ್ಷದಲ್ಲಿ ಸುಮಾರು ನಾಲ್ಕು ಸಾವಿರ ಗುಂಡು ಹಾರಿಸಿದ್ದೇನೆ. ಒಂದೇ ಒಂದು ತೂತೂ ಮೊಟ್ಟೆ ಆಕಾರಕ್ಕೆ ಬಂದಿಲ್ಲ, ಚಳಿಯಲ್ಲೂ ಇಲ್ಲ. ಕೈ ಸರಿಯಿದ್ದ ದಿನ 100 ಗಜಕ್ಕೆ ಐದು ಗುಂಡಿನ ಗ್ರೂಪ್, ಅಂದರೆ ತೂತುಗಳ ಗುಂಪು, ಮುಕ್ಕಾಲು ಇಂಚಿನೊಳಗೆ ಬರುತ್ತದೆ. ಇನ್ನೊಂದು ಅನುಕೂಲ ಅಂದರೆ, ಈ ಗುಂಡು ಹಾಕಿದ ಕಾರ್ಟ್ರಿಜ್ 2.26 ಇಂಚಿನ ಮ್ಯಾಗಜೀನ್ ಅಳತೆಯಲ್ಲಿ ಕೂರುತ್ತದೆ. 80 ಗ್ರೇನ್ ಆದರೆ ಒಂದೊಂದಾಗಿ ಕೈಯಿಂದಲೇ ತುಂಬಬೇಕು.

ತುಂಬಾ ಜನ ತೂಕ ನೋಡಿ ಟ್ವಿಸ್ಟ್ ಆರಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆದರೆ ನೋಡಬೇಕಾದದ್ದು ಉದ್ದ. 1879ರಲ್ಲಿ ಗ್ರೀನ್‌ಹಿಲ್ ಕೊಟ್ಟ ಹಳೇ ಸೂತ್ರದಲ್ಲೂ ಗುಂಡಿನ ಉದ್ದ ಮತ್ತು ಅಡ್ಡಳತೆಯದ್ದೇ ಲೆಕ್ಕ. ಅಮೆರಿಕದ ಸೇನೆಯ ಎಂ16 ರೈಫಲ್ ಇದಕ್ಕೆ ಒಳ್ಳೇ ಉದಾಹರಣೆ. 55 ಗ್ರೇನ್ ಗುಂಡಿಗೆ 1:12 ಸಾಕಾಗಿತ್ತು. ಅದರ ಮುಂದಿನ ಮಾದರಿ ಎಂ16ಎ2 ಬಂದಾಗ ಅದನ್ನು 1:7 ಮಾಡಿದರು. ಕಾರಣ, ಉರಿಯುತ್ತಾ ದಾರಿ ತೋರಿಸುವ ಎಂ856 ಟ್ರೇಸರ್ ಗುಂಡು. ಅದರ ತೂಕ 64 ಗ್ರೇನ್ ಅಷ್ಟೇ, ಆದರೆ ಬಲು ಉದ್ದ. ಸೀಸವಿಲ್ಲದ ತಾಮ್ರದ ಗುಂಡುಗಳೂ ಹೀಗೇ. ಅದೇ ತೂಕದ ಸೀಸದ ಗುಂಡಿಗಿಂತ ಉದ್ದ ಇರುತ್ತವೆ, ಇನ್ನೂ ಬಿಗಿ ಟ್ವಿಸ್ಟ್, ಅಂದರೆ ಕಮ್ಮಿ ಇಂಚಿಗೇ ಒಂದು ಸುತ್ತು, ಕೇಳುತ್ತವೆ.

ಈಗ ನಾನು ಲೆಕ್ಕ ಹಾಕುವುದು ಡಾನ್ ಮಿಲ್ಲರ್ ಸೂತ್ರದಲ್ಲಿ. ಗುಂಡು ಎಷ್ಟು ಸ್ಥಿರವಾಗಿ ಹೋಗುತ್ತದೆ ಅನ್ನುವುದನ್ನು ಅದು ಒಂದು ಅಂಕಿಯಲ್ಲಿ ಹೇಳುತ್ತದೆ. ಉತ್ತರ 1ಕ್ಕಿಂತ ಕೆಳಗೆ ಬಂದರೆ ಗುಂಡು ಉರುಳುತ್ತದೆ. 1.5 ದಾಟಿದರೆ ನೆಮ್ಮದಿ. ನನ್ನ 77 ಗ್ರೇನ್ ಗುಂಡಿನ ಉದ್ದ ಸುಮಾರು 1 ಇಂಚು. 1:8ರಲ್ಲಿ ಉತ್ತರ 1.7ರ ಆಸುಪಾಸು ಬರುತ್ತದೆ. ಆ ಚಳಿಯ ದಿನದ 80 ಗ್ರೇನ್ ಗುಂಡನ್ನು ಒಂಬತ್ತೂಕಾಲು ಇಂಚಿಗೆ ಹಾಕಿ ನೋಡಿದೆ. ಉತ್ತರ ಹತ್ತಿರ ಹತ್ತಿರ 1. ಹಾಳೆ ಹೇಳಿದ್ದೂ ಅದನ್ನೇ ಅಲ್ವಾ?

ವೇಗ ಹೆಚ್ಚಿಸಿದರೆ ಸರಿಹೋಗುತ್ತದೆ ಅಂತ ಆಗ ಒಬ್ಬರು ಹೇಳಿದ್ದರು. ಲೆಕ್ಕ ನೋಡಿ. ಸೆಕೆಂಡಿಗೆ 2600 ಅಡಿಯಿಂದ 2800 ಅಡಿಗೆ ಏರಿಸಿದರೂ ಆ ಸ್ಥಿರತೆಯ ಅಂಕಿ ಏರುವುದು ಶೇಕಡಾ ಎರಡೂವರೆ. 1:9 ಬಿಟ್ಟು 1:8ಕ್ಕೆ ಹೋದರೆ ಶೇಕಡಾ 26ಕ್ಕಿಂತ ಜಾಸ್ತಿ. ಅಷ್ಟಕ್ಕೋಸ್ಕರ ಮದ್ದು ಏರಿಸಿ ಒತ್ತಡದ ಅಪಾಯ ತಂದುಕೊಳ್ಳಲೇಬೇಡಿ.

ಬಿಗಿ ಟ್ವಿಸ್ಟ್‌ಗೂ ಒಂದು ಮಿತಿ ಇದೆ. 2700 ಅಡಿ ವೇಗದಲ್ಲಿ 1:8 ಬ್ಯಾರಲ್‌ನಿಂದ ಹೊರಟ ಗುಂಡು ನಿಮಿಷಕ್ಕೆ 2,43,000 ಸುತ್ತು ತಿರುಗುತ್ತದೆ. ಮ್ಯಾಚ್ ಗುಂಡು ಇದನ್ನು ತಡೆದುಕೊಳ್ಳುತ್ತದೆ. ತೆಳು ಕವಚದ ಹಗುರ ಗುಂಡನ್ನು ಇನ್ನೂ ಜೋರಾಗಿ ಹೊಡೆದರೆ ಗಾಳಿಯಲ್ಲೇ ಚೂರಾಗಬಹುದು. ಅವಕ್ಕೆ ಈ ಬ್ಯಾರಲ್ ಬೇಡ.

77 ಗ್ರೇನ್ ಡಬ್ಬದ ಮೇಲೆ 7ರಿಂದ 8 ಇಂಚಿನ ಟ್ವಿಸ್ಟ್‌ಗೆ ಮಾತ್ರ ಅಂತ ಅಚ್ಚು ಹಾಕಿರುತ್ತಾರೆ. ದಯವಿಟ್ಟು ಅದನ್ನು ಓದಿ. 1:9 ಇರುವವರು 69 ಗ್ರೇನ್‌ಗೇ ನಿಲ್ಲಿ, 300 ಗಜದವರೆಗೆ ನನಗೆ ಅದರಲ್ಲಿ ಯಾವ ಕೊರತೆಯೂ ಕಂಡಿಲ್ಲ.

ನನ್ನ 1:8 ಬ್ಯಾರಲ್‌ನ ಗಂಟಲು, ಅಂದರೆ ಗುಂಡು ಗೀರುಗಳಿಗೆ ಹೊಕ್ಕುವ ಜಾಗ, ಈಗ ಸವೆದಿದೆ, ಗ್ರೂಪ್ ಮೆಲ್ಲಗೆ ಹರಡುತ್ತಿದೆ. 80 ಗ್ರೇನ್ ಆಸೆ ಬಿಟ್ಟಿಲ್ಲ. 1:8ರಲ್ಲಿ ಅದರ ಲೆಕ್ಕ 1.5ಕ್ಕಿಂತ ಒಂದು ಕೂದಲು ಕೆಳಗೇ ಬರುತ್ತದೆ. ಅದಕ್ಕೇ ಈ ಸಲ 1:7 ಬ್ಯಾರಲ್‌ಗೆ ಹೇಳಿದ್ದೇನೆ. ಬಂದ ದಿನವೇ ರಾಡ್ ಹಾಕಿ ಅಳೆಯುತ್ತೇನೆ.