ಡ್ರ್ಯಾಗನ್ ಹಳೇ ಸಂಚಿಕೆಯೋ, ಡಂಜನ್ ಹಳೇ ಸಂಚಿಕೆಯೋ?

ಪುಣೆಯ ಕೋಥ್ರೂಡ್‌ನಲ್ಲಿ ಭಾನುವಾರ ಸೇರುವ ನಮ್ಮ ಕನ್ನಡ ಗುಂಪು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೆ; ಒಬ್ಬರು ಕಥೆ ನಡೆಸಿ, ಉಳಿದವರು ಅದರ ಪಾತ್ರಗಳಾಗಿ ಆಡುವ ಆಟ ಇದು. ಹೊಸಬರು ನನ್ನನ್ನು ಜಾಸ್ತಿ ಕೇಳೋದು ಇದನ್ನೇ: ಈ ಆಟದ ಎರಡು ಪತ್ರಿಕೆಗಳಾದ ಡ್ರ್ಯಾಗನ್, ಡಂಜನ್‌ಗಳಲ್ಲಿ ಯಾವುದರ ಹಳೇ ಸಂಚಿಕೆ ಕೊಳ್ಳೋದು?

ಆಟ ನಡೆಸುವವರು ನೀವೇ ಆಗಿದ್ದರೆ ಡಂಜನ್ ತಗೊಳ್ಳಿ. 1986ರಲ್ಲಿ ಶುರುವಾದ ಇದರ ತುಂಬಾ ಸಿದ್ಧ ಸಾಹಸಗಳೇ. ನಕ್ಷೆ, ರಾಕ್ಷಸರು, ಒಂದೊಂದು ಕೋಣೆಯ ವಿವರ, ಎಲ್ಲ ಇರುತ್ತೆ. ಹೋದ ವಾರ ಒಂದು ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ, ಫ್ಯಾನ್ ಗಾಳಿಗೆ ಹಾರದ ಹಾಗೆ ಚಹಾ ಲೋಟ ಇಟ್ಟು ಆಡಿದೆವು. ಮೂರು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.

1976ರ ಡ್ರ್ಯಾಗನ್ ಆಟಗಾರರಿಗೆ. ಹೊಸ ಮಂತ್ರಗಳು, ನಿಯಮದ ಚರ್ಚೆ, ಸುಮ್ನೆ ಓದೋಕೂ ಚೆಂದ.

2007ರ ಸೆಪ್ಟೆಂಬರ್‌ನಲ್ಲಿ ಎರಡರ ಮುದ್ರಣವೂ ನಿಂತಿತು. ಡ್ರ್ಯಾಗನ್ 359ನೇ ಸಂಚಿಕೆಗೆ, ಡಂಜನ್ 150ನೇದಕ್ಕೆ. ಆಟದ ಒಡೆತನ ಇರುವ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಅವನ್ನು ಅಂತರ್ಜಾಲಕ್ಕೆ ಒಯ್ದಾಗ ಎಷ್ಟೋ ಅಭಿಮಾನಿಗಳು ಸಿಟ್ಟಾದರು. ಆ ಸಿಟ್ಟು ನ್ಯಾಯವೇ. ಪೆನ್ಸಿಲ್ ಗುರುತು ಹಾಕಿದ ಪುಟದ ಸುಖ ಪರದೆಯಲ್ಲಿ ಸಿಗಲ್ಲ ಅಲ್ವಾ? ಅಲ್ಲಿವರೆಗೆ ಎರಡನ್ನೂ ಅಚ್ಚು ಹಾಕುತ್ತಿದ್ದ ಪೈಜೋ ಕಂಪನಿ ಆಗ ಪಾತ್‌ಫೈಂಡರ್ ಸಾಹಸ ಸರಣಿ ಶುರು ಮಾಡಿತು. ಡಂಜನ್ ಸಿಗದಿದ್ದರೆ ಅದನ್ನು ನೋಡಿ.

ಕೊಳ್ಳುವ ಮುಂಚೆ ವರ್ಷ ನೋಡಿಕೊಳ್ಳಿ. ಆಟದ ನಿಯಮಗಳ ಐದನೇ ಆವೃತ್ತಿ ಆಡುವವರು ಈ ಹಳೇ ಸಾಹಸಗಳಲ್ಲಿ ರಾಕ್ಷಸರ ಅಂಕಿಗಳನ್ನು ಬದಲಿಸಿಕೊಳ್ಳಬೇಕು.