ಬೋರಿನ ಮೋಟರ್ ಎತ್ತಿಸುವ ಮುಂಚೆ ಕ್ಲಾಂಪ್ ಎಷ್ಟಿವೆ ಅಂತ ಎಣಿಸಿ

ನಮ್ಮ ಹೊಲ ಕುಷ್ಟಗಿ ತಾಲೂಕಿನಲ್ಲಿದೆ. ಊರಿನ ಹೆಸರು ಬೇಡ, ಕೆಲಸಕ್ಕೆ ಬಂದವರ ಹೆಸರೂ ಬೇಡ. ಅವರೂ ನಮ್ಮ ಕಡೆಯವರೇ, ಸಂತೆಯಲ್ಲಿ ಎದುರಾದರೆ ಮಾತಾಡಿಸುವವರೇ. ಆದರೆ ಬೇಸಿಗೆ ಶುರುವಾದರೆ ಊರೂರಲ್ಲಿ ಮೋಟರ್ ಸುಟ್ಟು, ಎತ್ತುವವರಿಗಾಗಿ ಹುಡುಕಾಟ ನಡೆಯುತ್ತದೆ. ನನಗಾದದ್ದು ಇನ್ನೊಬ್ಬರಿಗೆ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬೋರು ಕೊರೆಸಿದ್ದು 2016ರ ಬರದಲ್ಲಿ. 560 ಅಡಿ. ಮೋಟರ್ ಇಳಿಸಿದ್ದು 400 ಅಡಿಗೆ, ಎರಡು ಇಂಚಿನ ಜಿಐ ಪೈಪು, ಇಪ್ಪತ್ತು ಅಡಿಯವು ಇಪ್ಪತ್ತು. ಒಂದೂವರೆ ಎಕರೆ ದಾಳಿಂಬೆ ಅದರ ಮೇಲೇ ನಿಂತಿತ್ತು. ಅಂಬೆ ಬಹಾರ, ಅಂದರೆ ಚಳಿಗಾಲದ ಕೊನೆಗೆ ಹೂ ಬಿಡುವ ಬೆಳೆ, ಹಿಡಿದಿದ್ದೆವು, ಮಾರ್ಚ್ ಹೊತ್ತಿಗೆ ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದಿತ್ತು. ಆಗಲೇ ಮೋಟರ್ ಸುಟ್ಟಿತು. ದಾಳಿಂಬೆ ಬೆಳೆದವರಿಗೆ ಗೊತ್ತು, ಕಾಯಿ ಇದ್ದಾಗ ನಾಲ್ಕು ದಿನ ಒಣಗಿಸಿ ಆಮೇಲೆ ನೀರು ಕೊಟ್ಟರೆ ಕಾಯಿ ಬಾಯಿ ಬಿಡುತ್ತದೆ. ಮೋಟರ್ ಎತ್ತಲು ಯಾವಾಗಲೂ ಕರೆಸುತ್ತಿದ್ದ ಗಾಡಿಯವರು ನಾಲ್ಕು ದಿನ ಆಗುತ್ತೆ ಅಂದರು. ನನಗೆ ತಡೆಯಲಿಲ್ಲ. ಪೈಪಿಗೆ ಇಷ್ಟು ಅಂತ ಕಡಿಮೆ ರೇಟಿಗೆ ಬರುತ್ತೇವೆಂದ ಇನ್ನೊಂದು ತಂಡಕ್ಕೆ ಹೂಂ ಅಂದುಬಿಟ್ಟೆ.

ಬೆಳಿಗ್ಗೆ ಟಂಟಂನಲ್ಲಿ ನಾಲ್ಕು ಜನ ಬಂದರು. ಮೂರು ಕಾಲಿನ ಸ್ಟ್ಯಾಂಡು, ಒಂದು ಟನ್ನಿನ ಚೈನ್ ಪುಲ್ಲಿ, ಎರಡು ಕ್ಲಾಂಪು, ಒಂದು ಪೈಪ್ ಪಾನಾ, ಒಂದು ಸುತ್ತಿಗೆ. ಇಷ್ಟೇ ಸಾಮಾನು. ನಮ್ಮಪ್ಪ ಬೇವಿನ ಗಿಡದ ಕೆಳಗೆ ಕೂತು ಎಲ್ಲ ನೋಡಿ, "ತಮ್ಮಾ, ಇವರ ಸಾಮಾನ ಭಾಳ ಕಮ್ಮಿ ಕಾಣ್ತೈತಲ್ಲೋ" ಅಂದ. ಮೇಸ್ತ್ರಿ ನಕ್ಕು, "ಯಜ್ಜಾ, ಹತ್ತು ವರ್ಷ ಆತು ಇದರ ಮ್ಯಾಲೇ ಹೊಟ್ಟಿ ಹೊರದೇವಿ, ನೀ ಚಾ ಕುಡಿ" ಅಂದ. ಅವತ್ತು ಕೆಲಸ ನಿಲ್ಲಿಸಬೇಕಾಗಿದ್ದದ್ದು ಅಲ್ಲೇ. ನಾನೂ ನಕ್ಕೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ. ಈ ಲೆಕ್ಕವನ್ನು ನಾನು ಹಾಕಿದ್ದು ಎಲ್ಲ ಮುಗಿದ ಮೇಲೆ. ಎರಡು ಇಂಚಿನ ಮೀಡಿಯಂ ಜಿಐ ಪೈಪು ಮೀಟರಿಗೆ ಐದು ಕೆಜಿ ತೂಗುತ್ತದೆ, ಅಂದರೆ ಇಪ್ಪತ್ತು ಅಡಿಯ ಒಂದು ಪೈಪು ಸುಮಾರು 30 ಕೆಜಿ. ಇಪ್ಪತ್ತು ಪೈಪಿಗೆ 600 ಕೆಜಿ. ನೀರು ವಾಪಸ್ ಇಳಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಚೆನ್ನಾಗಿದ್ದರೆ ಪೈಪಿನೊಳಗಿನ ನೀರು ಅಲ್ಲೇ ನಿಂತಿರುತ್ತದೆ, ಅದು 200 ಕೆಜಿ ಮೇಲೆ. ಮೋಟರ್, ಪಂಪು ಸೇರಿ ಇನ್ನೊಂದು ನೂರರ ಆಸುಪಾಸು. ಕೇಬಲ್ ಬೇರೆ. ಒಂದು ಟನ್ನಿನ ಪುಲ್ಲಿಗೆ ಮೊದಲ ಎಳೆತದಲ್ಲೇ ಹೊಟ್ಟೆ ತುಂಬಿರುತ್ತದೆ. ಚೈನಿನ ಒಂದು ಕೊಂಡಿ ಸವೆದಿದ್ದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಹೋದದ್ದು ಚೈನ್ ಕಡಿದೇ.

ನಮ್ಮಲ್ಲಿ ಚೈನ್ ಕಡಿಯಲಿಲ್ಲ. ಕೈ ಕೊಟ್ಟದ್ದು ಕ್ಲಾಂಪು.

ಕ್ಲಾಂಪ್ ಅಂದರೆ ಎರಡು ದಪ್ಪ ಪಟ್ಟಿ, ನಡುವೆ ಪೈಪು ಕೂರುವ ಹಾಗೆ ಅರ್ಧ ದುಂಡಗೆ ಬಗ್ಗಿಸಿ, ಎರಡೂ ಕಡೆ ಬೋಲ್ಟು ಬಿಗಿಯುವುದು. ನೋಡೋಕೆ ಏನೂ ಇಲ್ಲ. ಆದರೆ ಒಂದು ಪೈಪು ಬಿಚ್ಚುವಾಗ ಬೋರಿನೊಳಗಿರುವ ಪೂರಾ ಭಾರವನ್ನು ಹಿಡಿದುಕೊಳ್ಳುವುದು ಅದೊಂದೇ. ಅದನ್ನು ಕಟ್ಟಬೇಕಾದ ಜಾಗ ಸಾಕೆಟ್ಟಿನ, ಅಂದರೆ ಎರಡು ಪೈಪು ಜೋಡಿಸುವ ತುಂಡಿನ, ಕೆಳಗೆ, ಸಾಕೆಟ್ಟಿಗೆ ತಾಗಿಕೊಂಡು. ಪೈಪಿಗಿಂತ ಸಾಕೆಟ್ ದಪ್ಪ, ಹಾಗಾಗಿ ಬೋಲ್ಟು ಸ್ವಲ್ಪ ಸಡಿಲಾದರೂ ಸಾಕೆಟ್ಟೇ ಕ್ಲಾಂಪಿನ ಮೇಲೆ ಕೂತುಕೊಳ್ಳುತ್ತದೆ. ಪೈಪಿನ ನಡುವೆ ಎಲ್ಲೋ ಕಟ್ಟಿದರೆ ಹಿಡಿತ ಒಂದೇ ಆಧಾರ. ಅದೂ ನೀರು, ಪಾಚಿ, ತುಕ್ಕು ಮೆತ್ತಿದ ಪೈಪಿನ ಮೇಲೆ.

ಇವರ ಸ್ಟ್ಯಾಂಡು ಹದಿನೈದು ಅಡಿಯದು. ಇಪ್ಪತ್ತು ಅಡಿ ಪೈಪನ್ನು ಒಂದೇ ಸಲಕ್ಕೆ ಎತ್ತೋಕೆ ಬರುವುದಿಲ್ಲ. ಅರ್ಧ ಎತ್ತುವುದು, ನಡುವೆ ಕ್ಲಾಂಪ್ ಕಟ್ಟಿ ಬೋರಿನ ಬಾಯಿಯ ಅಕ್ಕಪಕ್ಕ ಇಟ್ಟ ಕಬ್ಬಿಣದ ಚಾನಲ್ ಮೇಲೆ ಕೂರಿಸುವುದು, ಕೊಕ್ಕೆ ಇಳಿಸಿ ಮತ್ತೆ ಹಿಡಿಯುವುದು, ಮತ್ತೆ ಅರ್ಧ. ಪ್ರತಿ ಪೈಪಿಗೂ ಒಮ್ಮೆ ಪೂರಾ ಭಾರ ಬರೀ ಹಿಡಿತದ ಮೇಲೆ ತೂಗಾಡುತ್ತಿತ್ತು. ಕ್ಲಾಂಪಿನ ಒಳಮೈ ಬೋಳು, ಹಲ್ಲು ಅನ್ನುವುದು ಉಳಿದಿರಲಿಲ್ಲ. ಒಂದು ಬೋಲ್ಟಿನ ತಲೆಗೆ ವೆಲ್ಡಿಂಗ್ ಮಾಡಿದ ಗುರುತು ಇತ್ತು. ಇದನ್ನೆಲ್ಲ ನೋಡಿದ್ದು ಆಮೇಲೆ, ಕೈಯಲ್ಲಿ ಹಿಡಿದು ಕೂತಾಗ.

ಏಳು ಪೈಪು ಸಲೀಸಾಗಿ ಬಂದವು. ಎಂಟನೆಯದರ ಸಾಕೆಟ್ ಹಿಡಿದುಕೊಂಡಿತ್ತು, ಒಂಬತ್ತು ವರ್ಷದ ತುಕ್ಕು. ಮೇಲಿನ ಪೈಪು ಕೊಕ್ಕೆಯಲ್ಲಿ, ಕೆಳಗಿನ ಹನ್ನೆರಡು ಪೈಪು ಮತ್ತು ಮೋಟರ್ ನೆಲದ ಕ್ಲಾಂಪಿನಲ್ಲಿ. ಆ ಕ್ಲಾಂಪನ್ನು ಮೇಸ್ತ್ರಿ ಸಾಕೆಟ್ಟಿನಿಂದ ಎರಡು ಅಡಿ ಕೆಳಗೆ ಕಟ್ಟಿದ್ದ. ಕೇಳಿದ್ದಕ್ಕೆ, "ಪಾನಾ ತಿರುಗಾಕ ಜಾಗ ಬೇಕಲ್ರಿ ಅಣ್ಣಾರ" ಅಂದ.

ಪಾನಾ ಇದ್ದದ್ದು ಒಂದೇ. ಜಾಯಿಂಟ್ ಬಿಚ್ಚಲು ಎರಡು ಬೇಕು. ಒಂದು ಕೆಳಗಿನ ಸಾಕೆಟ್ಟನ್ನು ಅಲುಗದಂತೆ ಹಿಡಿಯಬೇಕು, ಇನ್ನೊಂದು ಮೇಲಿನ ಪೈಪನ್ನು ತಿರುಗಿಸಬೇಕು. ಒಂದೇ ಇದ್ದರೆ ತಿರುಚುವ ಬಲ ಕೆಳಕ್ಕೆ ಇಳಿದು, ಬಿಚ್ಚಬೇಕಾದ ಜಾಯಿಂಟ್ ಬಿಟ್ಟು ಬೋರಿನೊಳಗೆ ಇನ್ನೆಲ್ಲೋ ಸಡಿಲಿರುವ ಜಾಯಿಂಟ್ ಬಿಚ್ಚಿಕೊಳ್ಳಬಹುದು. ನಮ್ಮ ಕಣ್ಣೆದುರೇ ಕೆಳಗಿನ ಪೈಪು, ಕ್ಲಾಂಪು ಎಲ್ಲ ಒಟ್ಟಿಗೆ ಚಾನಲ್ ಮೇಲೆ ಕಿರ್ರ್ ಅಂತ ತಿರುಗುತ್ತಿದ್ದವು. ಪಾನಾದ ಹಲ್ಲೂ ಸವೆದಿದ್ದರಿಂದ ಎರಡು ಸಲ ಜಾರಿತು. ಈ ಪೈಪ್ ಪಾನಾಕ್ಕೆ 1869ರಲ್ಲಿ ಅಮೆರಿಕದ ಡೇನಿಯಲ್ ಸ್ಟಿಲ್ಸನ್ ಎನ್ನುವವನು ಪೇಟೆಂಟ್ ಪಡೆದಿದ್ದ. ಉಪಾಯ ಇವತ್ತಿಗೂ ಅದೇ. ಮೇಲಿನ ದವಡೆ ಸ್ವಲ್ಪ ಸಡಿಲ ಇರುತ್ತದೆ, ಹಿಡಿಕೆ ಎಳೆದಷ್ಟೂ ಪೈಪನ್ನು ಕಚ್ಚುತ್ತದೆ. ಕಚ್ಚುವುದು ಒಂದೇ ದಿಕ್ಕಿಗೆ. ಹಲ್ಲಿಲ್ಲದ ಪಾನಾ ಕಚ್ಚುವುದಿಲ್ಲ, ಕಚ್ಚಿದಂತೆ ನಟಿಸಿ ಜೋರು ಹಾಕಿದಾಗ ಬಿಡುತ್ತದೆ.

ಮೇಸ್ತ್ರಿ ಹಿಡಿಕೆಗೆ ಆರು ಅಡಿಯ ಪೈಪು ತುರುಕಿದ. ಇಬ್ಬರು ಅದನ್ನು ತಳ್ಳಿದರು, ಮೂರನೆಯವನು ಸಾಕೆಟ್ಟಿಗೆ ಸುತ್ತಿಗೆಯಿಂದ ಬಡಿಯುತ್ತ ಹೋದ. ತುಕ್ಕು ಸಡಿಲಾಗಲಿ ಅಂತ ಬಡಿಯುವುದು ಎಲ್ಲರೂ ಮಾಡುವುದೇ. ಆದರೆ ಪ್ರತಿ ಏಟಿಗೂ ಕೆಳಗಿನ ಕ್ಲಾಂಪೂ ಅದುರುತ್ತದೆ ಅನ್ನುವುದು ನಮ್ಮ ಯಾರ ತಲೆಗೂ ಹೋಗಲಿಲ್ಲ.

ಜಾಯಿಂಟ್ ಬಿಟ್ಟದ್ದು ಒಮ್ಮೆಲೇ. ಪಾನಾದ ಉದ್ದ ಹಿಡಿಕೆ ಗಿರ್ರನೆ ತಿರುಗಿ, ತಳ್ಳುತ್ತಿದ್ದ ಹುಡುಗನ ಹೆಬ್ಬೆರಳನ್ನು ಸ್ಟ್ಯಾಂಡಿನ ಕಾಲಿಗೆ ಒತ್ತಿತು. ಅವನು ಕೂಗಿದ. ಅಷ್ಟರಲ್ಲಿ ಕೆಳಗಿನ ಪೈಪು ಒಂದು ಗೇಣು ಜಾರಿತು. ಮೇಸ್ತ್ರಿ "ಹಿಡೀರಿ, ಹಿಡೀರಿ" ಅಂದ. ಆರು ನೂರು ಕೆಜಿಯನ್ನು ಯಾರು ಹಿಡಿಯಬೇಕು? ಎರಡು ಅಡಿ ಸರ್ರನೆ ಇಳಿದು ಸಾಕೆಟ್ ಕ್ಲಾಂಪಿನ ಮೇಲೆ ಧಡ್ ಅಂತ ಕೂತಿತು. ತಾಗಿಕೊಂಡೇ ಕಟ್ಟಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು. ಎರಡು ಅಡಿ ಓಡಿ ಬಂದ ಭಾರಕ್ಕೆ ವೆಲ್ಡಿಂಗ್ ಬೋಲ್ಟಿನ ತಲೆ ಹಾರಿಹೋಯಿತು, ಕ್ಲಾಂಪು ಬಾಯಿ ತೆರೆಯಿತು. ಆಮೇಲೆ ಸುರುಳಿ ಸುತ್ತಿಟ್ಟಿದ್ದ ಕೇಬಲ್ ಹಾವಿನಂತೆ ಒಳಗೆ ಓಡಿದ್ದು, ಕೇಸಿಂಗ್ (ಬೋರಿನ ಬಾಯಿಗೆ ಇಳಿಸಿದ ಕೊಳವೆ) ಒಳಗೆ ಕಬ್ಬಿಣ ಉಜ್ಜುವ ಶಬ್ದ, ಕೊನೆಗೆ ತಳದಿಂದ ಬಂದ ಒಂದು ಮಂದ ಏಟು. ಅಪ್ಪ ಎದ್ದು ನಿಂತಿದ್ದ. ಏನೂ ಅನ್ನಲಿಲ್ಲ, ಟವೆಲ್ ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದ.

ಹುಡುಗನನ್ನು ಬೈಕಿನಲ್ಲಿ ಕುಷ್ಟಗಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೆರಳು ಉಳಿಯಿತು, ಆದರೆ ಈಗಲೂ ಪೂರ್ತಿ ಮಡಚಲು ಬರುವುದಿಲ್ಲವಂತೆ. ಇನ್ನೂ ಹತ್ತೊಂಬತ್ತು ತುಂಬದ ಹುಡುಗ.

ಬೋರು ಕೊರೆಯುವಾಗ ರಿಗ್ಗಿನವರು ಇದೇ ಕೆಲಸ ಮಾಡುವುದನ್ನು ನಾನು 2016ರಲ್ಲಿ ರಾತ್ರಿಯಿಡೀ ನಿಂತು ನೋಡಿದ್ದೆ. ಅಲ್ಲಿಯೂ ಇಪ್ಪತ್ತು ಅಡಿಯ ರಾಡು, ಅಲ್ಲಿಯೂ ಒಂದೊಂದಾಗಿ ಜೋಡಿಸಿ ಇಳಿಸುವುದು, ಬಿಚ್ಚಿ ಎತ್ತುವುದು. ಆದರೆ ರಾಡಿನ ತುದಿಯಲ್ಲಿ ಎರಡು ಕಡೆ ಚಪ್ಪಟೆ ಕೆತ್ತಿರುತ್ತದೆ. ಕವೆಯಂಥ ದಪ್ಪ ಪಾನಾ ಅಲ್ಲಿ ಸರಿಯಾಗಿ ಕೂತು, ಕೆಳಗಿನ ರಾಡು ತಿರುಗದಂತೆ, ಇಳಿಯದಂತೆ ಹಿಡಿಯುತ್ತದೆ. ಮೇಲಿನ ಹೆಡ್ ಉಲ್ಟಾ ತಿರುಗಿಸಿದರೆ ಜಾಯಿಂಟ್ ಬಿಡುತ್ತದೆ. ಹಿಡಿತದ ಮೇಲೆ ಬದುಕಿಲ್ಲ, ಆಕಾರದ ಮೇಲೆ ಬದುಕು. ಅಲ್ಲಿಯೂ ಅಪಾಯ ಇಲ್ಲ ಅಂತಲ್ಲ. ಪಾನಾ ಸರಿಯಾಗಿ ಕೂರುವ ಮೊದಲೇ ಆಪರೇಟರ್ ಲಿವರ್ ಎಳೆದರೆ ಪಾನಾ ಹಾರುತ್ತದೆ, ಹತ್ತಿರ ನಿಂತವರ ಕಾಲು ಮುರಿಯುತ್ತದೆ. ಬೋರು ಕೊರೆಸುವಾಗ ನೀರು ಬಂತಾ ಅಂತ ಬಗ್ಗಿ ನೋಡುವ ಚಟ ನಮ್ಮೆಲ್ಲರಿಗೂ ಇದೆ. ರಾಡು ಬಿಚ್ಚುವಾಗಲಾದರೂ ದೂರ ನಿಲ್ಲಿ.

ಬಿದ್ದದ್ದನ್ನು ಎತ್ತಿಸಲು ಹೋಗಿ ಇನ್ನೂ ಹಾಳು ಮಾಡಿಕೊಂಡದ್ದು ಬೇರೆ ಕಥೆ. ಮೇಸ್ತ್ರಿ ಅವತ್ತೇ ಸಂಜೆ ಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಕಟ್ಟಿ ಇಳಿಬಿಟ್ಟ, ಕೇಬಲ್ ಸಿಕ್ಕರೆ ಎಳೆಯೋಣ ಅಂತ. ಕೇಬಲ್ ಸಿಕ್ಕಿತು, ಎಳೆದ, ಹರಿಯಿತು. ಹರಿದ ಕೇಬಲ್ ಪೈಪಿಗೂ ಬೋರಿನ ಗೋಡೆಗೂ ನಡುವೆ ಗೂಡು ಕಟ್ಟಿಕೊಂಡಿತು. ಎರಡು ದಿನದ ಮೇಲೆ ಇಳಕಲ್ ಕಡೆಯಿಂದ ಟ್ಯಾಪ್ ಇಟ್ಟುಕೊಂಡಿದ್ದವರನ್ನು ಕರೆಸಿದೆ. ಟ್ಯಾಪ್ ಅಂದರೆ ತುದಿ ಚೂಪಾಗಿ, ಮೈಮೇಲೆ ಥ್ರೆಡ್ ಇರುವ ಗಟ್ಟಿ ಉಕ್ಕಿನ ತುಂಡು. ಪೈಪಿನ ತುದಿಗೆ ಜೋಡಿಸಿ ಇಳಿಸಿ, ಬಿದ್ದ ಪೈಪಿನ ಬಾಯಿಗೆ ಹೊಗಿಸಿ ತಿರುಗಿಸಿದರೆ ತಾನೇ ಥ್ರೆಡ್ ಕೊರೆದುಕೊಂಡು ಕೂರುತ್ತದೆ. ನಮ್ಮದು ತಳಕ್ಕೆ ಹೋಗಿ ಕೂತಿತ್ತು, ಹನ್ನೆರಡು ಪೈಪಿನ ಉದ್ದ 240 ಅಡಿ, ಹಾಗಾಗಿ ಅದರ ಬಾಯಿ ಸುಮಾರು 320 ಅಡಿಯಲ್ಲಿ ಸಿಗಬೇಕು. ಎಷ್ಟು ಪೈಪು ಉಳಿದಿದ್ದವು ಅಂತ ನಾನು ಎಣಿಸಿಟ್ಟಿದ್ದೆ, ಅದೊಂದು ಉಪಯೋಗಕ್ಕೆ ಬಂತು. ಲೆಕ್ಕಕ್ಕೆ ಸರಿಯಾಗಿಯೇ ಸಿಕ್ಕಿತು. ಟ್ಯಾಪ್ ಹಿಡಿಯಿತು, ಹತ್ತು ಅಡಿ ಮೇಲೂ ಬಂತು. ಆಮೇಲೆ ಕೇಬಲ್ ಗೂಡಿಗೆ ಸಿಕ್ಕಿಕೊಂಡು ನಿಂತಿತು. ಜೋರು ಹಾಕಿದಾಗ ಟ್ಯಾಪ್ ಕಿತ್ತುಕೊಂಡು ಒಂಟಿಯಾಗಿ ಮೇಲೆ ಬಂತು. ಆ ತಂಡದ ಹಿರಿಯ ಟ್ಯಾಪನ್ನು ಬೆರಳಿನಿಂದ ಸವರಿ, "ಕೊಕ್ಕಿ ಬಿಡದಿದ್ರ ಬರ್ತಿತ್ರಿ ಇದು. ಮೊದಲ ಕೈ ಯಾರದು?" ಅಂದ.

ಅಂದರೆ ಬಿದ್ದ ಕೂಡಲೇ ಏನೂ ಮಾಡಬೇಡಿ. ಕೊಕ್ಕೆ ಬೇಡ, ಮೇಲಿಂದ ಬಡಿಯುವುದು ಬೇಡ, ಕೇಬಲ್ ಎಳೆಯುವುದಂತೂ ಬೇಡವೇ ಬೇಡ. ಬೋರಿನ ಬಾಯಿ ಮುಚ್ಚಿ, ಎಷ್ಟು ಪೈಪು ಒಳಗಿವೆ ಅಂತ ಬರೆದಿಟ್ಟು, ಟ್ಯಾಪ್ ಇರುವವರನ್ನು ಹುಡುಕಿ.

ಇನ್ನು ಕೆಲಸಕ್ಕೆ ಮುಂಚೆ ನೋಡಬೇಕಾದದ್ದು. ಕ್ಲಾಂಪು ಕನಿಷ್ಠ ಮೂರಿರಲಿ: ಕೊಕ್ಕೆಗೊಂದು, ನೆಲಕ್ಕೊಂದು, ಜಾಯಿಂಟ್ ಬಿಚ್ಚುವಾಗ ಕಾವಲಿಗೆ ಇನ್ನೊಂದು. ಒಳಗೆ ಬೆರಳಾಡಿಸಿ ನೋಡಿ, ಹಲ್ಲು ಚುಚ್ಚಬೇಕು. ಬೋಲ್ಟಿಗೆ ವೆಲ್ಡಿಂಗ್ ಆಗಿದ್ದರೆ ಹೊಸ ಬೋಲ್ಟ್ ನೀವೇ ತಂದುಕೊಡಿ, ಒಂದು ಬೋಲ್ಟಿನ ಬೆಲೆ ಎಷ್ಟು ಮಹಾ. ಪಾನಾ ಎರಡು ಬೇಕು. ಕ್ಲಾಂಪ್ ಕೂರಬೇಕಾದದ್ದು ನೆಲದ ಮೇಲಿನ ಚಾನಲ್ ಮೇಲೆ, ಪಿವಿಸಿ ಕೇಸಿಂಗ್ ಮೇಲಲ್ಲ. ಕೇಸಿಂಗ್ ಒಡೆದರೆ ಮಣ್ಣು ಒಳಗೆ ಹೋಗಿ ಬೋರೇ ಮುಚ್ಚುತ್ತದೆ. ಪುಲ್ಲಿ ಎರಡು ಟನ್ನಿನದು ಕೇಳಿ. ಸ್ಟಾರ್ಟರ್ ಆಫ್ ಮಾಡಿದರೆ ಸಾಲದು, ಫ್ಯೂಜ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಬೋರಿನ ಮೇಲೆ ಕರೆಂಟಿನ ಲೈನ್ ಹೋಗಿದ್ದರೆ, ಇಪ್ಪತ್ತು ಅಡಿಯ ಕಬ್ಬಿಣದ ಪೈಪು ನೆಟ್ಟಗೆ ನಿಂತಾಗ ಎಲ್ಲಿಗೆ ಮುಟ್ಟುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಲೈನ್‌ಮನ್‌ಗೆ ಹೇಳಿ ಬಂದ್ ಮಾಡಿಸದೆ ಕೈ ಹಚ್ಚಲು ಬಿಡಬೇಡಿ. ಬಿದ್ದರೆ ಯಾರ ಜವಾಬ್ದಾರಿ ಅಂತ ಪೈಪಿಗೆ ಕೈ ಹಾಕುವ ಮುಂಚೆ ನಾಲ್ಕು ಜನರೆದುರು ಮಾತಾಡಿ. ನಾವು ಮಾತಾಡಿರಲಿಲ್ಲ. ಆಮೇಲೆ ಮೇಸ್ತ್ರಿ, "ನಿಮ್ಮ ಪೈಪಿಗೆ ತುಕ್ಕ ಹಿಡದಿತ್ರಿ" ಅಂದ, ಏಳು ಪೈಪಿನ ಕೂಲಿಯನ್ನೂ ಕೇಳಿದ.

ದಾಳಿಂಬೆಗೆ ಒಂದು ತಿಂಗಳು ಟ್ಯಾಂಕರ್ ಹೊಡೆಸಿದೆ. ಅರ್ಧ ಕಾಯಿ ಬಿರಿದು ಹೋಯಿತು. ಹಳೇ ಬೋರಿನಿಂದ ಐವತ್ತು ಹೆಜ್ಜೆ ಆಚೆ ಹೊಸದು ಕೊರೆಸಿದೆ, ಸಾಲ ಇನ್ನೂ ತೀರಿಲ್ಲ. ಹಳೆಯದರ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೋಲ್ಟು ಬಿಗಿದು ಸುತ್ತ ಕಾಂಕ್ರೀಟ್ ಹಾಕಿಸಿದ್ದೇನೆ. ತೆರೆದ ಬೋರ್ ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಅದು ಬಿಡಿ, ನಮ್ಮ ಮನೆಯಲ್ಲೇ ಎರಡು ಸಣ್ಣ ಮಕ್ಕಳಿವೆ.

ಹೋದ ವಾರ ಮೇಸ್ತ್ರಿ ಫೋನ್ ಮಾಡಿದ್ದ. ಸಮಾಧಾನದ ಮಾತಿಗೆ ಇರಬೇಕು ಅಂದುಕೊಂಡೆ.

"ಅಣ್ಣಾರ, ನಮ್ಮ ಒಂದು ಕ್ಲಾಂಪ್ ನಿಮ್ಮ ಶೆಡ್ಡಿನ್ಯಾಗ ಉಳದೈತಿ ನೋಡ್ರಿ. ನಾಳೆ ಒಂದ ಮೋಟರ್ ಎತ್ತೋದೈತಿ."

"ಬೋಲ್ಟ್ ಮುರದೈತಲ್ಲೋ ಅದರದು."

"ಇರಲಿ ಬಿಡ್ರಿ, ವೆಲ್ಡಿಂಗ್ ಹೊಡಸ್ತೀನಿ."

ಇಲ್ಲ, ಗುಜರಿಗೆ ಹಾಕಿದೆ ಅಂದೆ. ಹಾಕಿರಲಿಲ್ಲ. ಫೋನ್ ಇಟ್ಟ ಮೇಲೆ ಅದನ್ನು ಬೈಕಿಗೆ ಕಟ್ಟಿಕೊಂಡು ವೆಲ್ಡಿಂಗ್ ಅಂಗಡಿಗೆ ಒಯ್ದು, ಗ್ಯಾಸ್ ಕಟ್ಟರಿನಿಂದ ನಾಲ್ಕು ತುಂಡು ಮಾಡಿಸಿದೆ.