ಅಂಗಡಿ ಸ್ಟುಡಿಯೊದ ಪೋರ್ಟ್ರೇಟ್ ಕೆಲಸ: ಕಲಿಯಲು ಒಳ್ಳೆಯದು, ನೆಲೆ ನಿಲ್ಲಲು ಕಷ್ಟ

ಮಾಲ್‌ನಲ್ಲೋ ದೊಡ್ಡ ಮಳಿಗೆಯ ಮೂಲೆಯಲ್ಲೋ ಇರುವ ಪೋರ್ಟ್ರೇಟ್ ಸ್ಟುಡಿಯೊಗೆ ಫೋಟೋಗ್ರಾಫರ್ ಆಗಿ ಸೇರಬೇಕೆಂದಿರುವವರಿಗೆ ಮೊದಲೇ ಗೊತ್ತಿರಬೇಕಾದ ಮಾತೊಂದಿದೆ. ಅಲ್ಲಿ ಕ್ಯಾಮೆರಾ ಕೈಯಲ್ಲಿರುವುದು ಶಿಫ್ಟಿನ ಅರ್ಧಕ್ಕಿಂತ ಕಡಿಮೆ ಹೊತ್ತು. ಉಳಿದ ಹೊತ್ತೆಲ್ಲ ಬುಕಿಂಗ್ ಫೋನು, ತೆಗೆದ ಫೋಟೋ ತೋರಿಸಿ ಪ್ಯಾಕೇಜ್ ಮಾರುವುದು, ಪ್ರಿಂಟ್ ಹಾಕುವುದು, ಆಟಿಕೆ ಒರೆಸುವುದು, ಪರದೆ ಮಡಚುವುದು. ಮಾರಾಟವೆಂದರೆ ಮುಜುಗರಪಡುವವರಿಗೆ ಈ ಕೆಲಸ ಒಗ್ಗುವುದು ಕಷ್ಟ. ಆದರೆ ಗುರುತು ಪರಿಚಯವಿಲ್ಲದ ಜನರನ್ನು ಐದು ನಿಮಿಷದಲ್ಲಿ ಸಡಿಲಗೊಳಿಸಿ, ರಚ್ಚೆ ಹಿಡಿದ ಮಗುವಿನಿಂದಲೂ ನಾಲ್ಕು ಒಳ್ಳೆಯ ಫ್ರೇಮ್ ತೆಗೆಯುವುದನ್ನು ಇಷ್ಟು ಬೇಗ ಕಲಿಸುವ ಜಾಗ ಇನ್ನೊಂದಿಲ್ಲ.

ಬೆಳಕಿನ ವಿಷಯದಲ್ಲಿ ನಿಮಗೆ ಸಿಗುವ ಸ್ವಾತಂತ್ರ್ಯ ಕಡಿಮೆ. ಸಾಮಾನ್ಯವಾಗಿ ಒಂದು ಕಡೆ ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆದುಗೊಳಿಸುವ ಬಟ್ಟೆಯ ಪೆಟ್ಟಿಗೆ), ಇನ್ನೊಂದು ಕಡೆ ನೆರಳು ತುಂಬಲು ಛತ್ರಿ ಅಥವಾ ರಿಫ್ಲೆಕ್ಟರ್, ಹಿಂದಿನಿಂದ ಕೂದಲಿಗೊಂದು ಸಣ್ಣ ಲೈಟ್, ಪರದೆಗೊಂದು. ಕ್ಯಾಮೆರಾವೂ ಹೆಚ್ಚುಕಡಿಮೆ ಒಂದೇ ಸೆಟ್ಟಿಂಗ್‌ನಲ್ಲಿ ಇರುತ್ತದೆ: ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್/8, ಶಟರ್ 1/125 ಸೆಕೆಂಡ್. ಇದರ ಹಿಂದೆ ಲೆಕ್ಕವಿದೆ. ಎಫ್/8ರಲ್ಲಿ ಮಗು ಒಂದು ಗೇಣು ಮುಂದಕ್ಕೆ ಬಾಗಿದರೂ ಮುಖ ಫೋಕಸ್‌ನಲ್ಲೇ ಉಳಿಯುತ್ತದೆ. ಐಎಸ್‌ಒ 100, 1/125ರಲ್ಲಿ ಮಳಿಗೆಯ ಸೀಲಿಂಗ್ ದೀಪಗಳ ಬೆಳಕು ಚಿತ್ರದಲ್ಲಿ ದಾಖಲಾಗುವುದೇ ಇಲ್ಲ, ಫ್ಲ್ಯಾಶ್ ಒಂದೇ ಕೆಲಸ ಮಾಡುತ್ತದೆ. ಹಿನ್ನೆಲೆ ಮಸುಕಾಗಲಿ ಎಂದು ಯಾರಾದರೂ ಅಪರ್ಚರ್ ತೆರೆದು, ಫ್ಲ್ಯಾಶ್ ಪವರ್ ಇಳಿಸಿ, ಐಎಸ್‌ಒ ಏರಿಸಿದರೆ ಸೀಲಿಂಗ್ ಬೆಳಕು ಒಳನುಗ್ಗಿ ಕೆನ್ನೆಯ ನೆರಳಿಗೆ ಹಸಿರು ಛಾಯೆ ಹತ್ತುತ್ತದೆ. ಶಟರ್ ಡಯಲ್ ಕೈತಾಗಿ 1/500ಕ್ಕೆ ಹೋದರೆ ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ, ಯಾಕೆಂದರೆ ಹೆಚ್ಚಿನ ಕ್ಯಾಮೆರಾಗಳು ಸ್ಟುಡಿಯೊ ಫ್ಲ್ಯಾಶ್ ಜೊತೆ ಹೊಂದುವುದು 1/200 ಅಥವಾ 1/250ರವರೆಗೆ ಮಾತ್ರ. ಪ್ರತಿ ಸಿಟ್ಟಿಂಗ್ (ಒಂದು ಬುಕಿಂಗ್‌ನ ಫೋಟೋ ಸುತ್ತು) ಶುರುವಿಗೆ ಒಂದು ಟೆಸ್ಟ್ ಫ್ರೇಮ್ ತೆಗೆದು ಸ್ಕ್ರೀನ್‌ನಲ್ಲಿ ದೊಡ್ಡದು ಮಾಡಿ ನೋಡುವುದು ಇದಕ್ಕಾಗಿಯೇ.

ಸೆಟ್ಟಿಂಗ್ ಬದಲಾಗದಿದ್ದರೂ ಮಕ್ಕಳು ಬದಲಾಗುತ್ತಾರೆ. ಲೈಟ್‌ನಿಂದ 2 ಮೀಟರ್ ದೂರದಲ್ಲಿ ಕೂರಿಸಿದ ಮಗು ಅಂಬೆಗಾಲಿಟ್ಟು 1.4 ಮೀಟರ್‌ಗೆ ಬಂದರೆ ಅದರ ಮೇಲೆ ಬೀಳುವ ಬೆಳಕು ದುಪ್ಪಟ್ಟಾಗುತ್ತದೆ, ಫೋಟೋಗ್ರಾಫರ್‌ಗಳ ಭಾಷೆಯಲ್ಲಿ ಪೂರ್ತಿ ಒಂದು ಸ್ಟಾಪ್. ಬಿಳಿ ಫ್ರಾಕ್ ಹಾಕಿದ್ದರೆ ಅದರ ಹೆಣಿಗೆಯೆಲ್ಲ ಅಳಿಸಿ ಬರೀ ಬಿಳುಪು ಉಳಿಯುತ್ತದೆ, ಮತ್ತೆ ಸಾಫ್ಟ್‌ವೇರ್‌ನಲ್ಲೂ ಮರಳಿ ಬರುವುದಿಲ್ಲ. ನೆಲದ ಮೇಲೆ ಟೇಪ್ ಗುರುತು ಹಾಕಿರುವುದು ಫೋಟೋಗ್ರಾಫರ್‌ಗಾಗಿ. ಮಗು ಅದನ್ನು ದಾಟಿತು ಎಂದ ಕೂಡಲೇ ಕ್ಲಿಕ್ ನಿಲ್ಲಿಸಿ ಎತ್ತಿ ತಂದು ಕೂರಿಸಲು ಮನೆಯವರಿಗೆ ಹೇಳಿ.

ಕೋಣೆ ಚಿಕ್ಕದಾಗಿರುವುದು ಇಂಥ ಸ್ಟುಡಿಯೊಗಳ ದೊಡ್ಡ ಕೊರತೆ. ಕೂತವರ ನೆರಳು ಪರದೆಯ ಮೇಲೆ ಬೀಳಬಾರದೆಂದರೆ ನಡುವೆ ಒಂದೂವರೆ ಮೀಟರ್ ಆದರೂ ಬೇಕು. ಅಷ್ಟು ಜಾಗವಿಲ್ಲದ ಕಡೆ ಮುಖ್ಯ ಲೈಟನ್ನು ಎತ್ತರಿಸಿ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ನೆರಳು ಕೆಳಗೆ, ಫ್ರೇಮ್‌ನ ಆಚೆ ಬೀಳುತ್ತದೆ. ಪೇಪರ್ ಪರದೆಯ ಅಗಲ 2.72 ಮೀಟರ್, ಐದಾರು ಜನ ಪಕ್ಕಪಕ್ಕ ನಿಂತರೆ ಅಂಚು ಮುಗಿಯಿತು. ಹತ್ತು ಜನರ ಕುಟುಂಬ ಬಂದರೆ ಎರಡು ಸಾಲು ಮಾಡಿ, ಹಿರಿಯರನ್ನು ಸ್ಟೂಲಿನ ಮೇಲೆ ಮಧ್ಯದಲ್ಲಿ ಕೂರಿಸಿ, ಯಾರ ತಲೆಯೂ ಇನ್ನೊಬ್ಬರ ತಲೆಯ ಸಮಕ್ಕೆ ಬರದಂತೆ ಜೋಡಿಸಿ. ಹಿಂದಿನ ಸಾಲಿನ ಮುಖಗಳೂ ಚೂಪಾಗಿರಬೇಕಾದ್ದರಿಂದ ಎಫ್/11ಕ್ಕೆ ಹೋಗಿ ಫ್ಲ್ಯಾಶ್ ಒಂದು ಸ್ಟಾಪ್ ಏರಿಸಬೇಕು.

ಕನ್ನಡಕ ದಿನಕ್ಕೆ ನಾಲ್ಕು ಸಲವಾದರೂ ಕಾಡುತ್ತದೆ. ಗಾಜಿನಲ್ಲಿ ಸಾಫ್ಟ್‌ಬಾಕ್ಸ್‌ನ ಬಿಳಿ ಚೌಕ ಕಂಡರೆ ಕನ್ನಡಕ ತೆಗೆಸಬೇಡಿ. ದಿನಾ ಹಾಕುವವರ ಮುಖ ಅದಿಲ್ಲದೆ ಅವರ ಮನೆಯವರಿಗೇ ಬೇರೆಯಾಗಿ ಕಾಣುತ್ತದೆ, ಆ ಫೋಟೋ ಮಾರಾಟವೂ ಆಗುವುದಿಲ್ಲ. ಲೈಟ್ ಎತ್ತರಿಸಿ, ಗಲ್ಲ ಚೂರು ಇಳಿಸಲು ಹೇಳಿ. ಆಗಲೂ ಹೋಗದಿದ್ದರೆ ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಒಂದು ಸೆಂಟಿಮೀಟರ್ ಮೇಲಕ್ಕೆತ್ತಿಸಿ. ಗಾಜು ಕೆಳಕ್ಕೆ ವಾಲಿ ಪ್ರತಿಫಲನ ನೆಲದ ಕಡೆ ಹೋಗುತ್ತದೆ, ನೋಡುವವರಿಗೆ ಕಡ್ಡಿ ಎತ್ತಿರುವುದು ಗೊತ್ತೇ ಆಗುವುದಿಲ್ಲ.

ಇನ್ನು ಮಕ್ಕಳು. ಬರುವವರಲ್ಲಿ ಬಹುಪಾಲು ಅವರೇ, ಕೆಲಸದ ನಿಜವಾದ ಕೌಶಲ ಇರುವುದೂ ಅಲ್ಲೇ. ಕತ್ತು ನಿಲ್ಲದ ಕೂಸನ್ನು ಅಂಗಾತ ಮಲಗಿಸಿ ಮೇಲಿನಿಂದ ತೆಗೆಯಬೇಕು, ಇಲ್ಲವೇ ಅಮ್ಮನ ಭುಜಕ್ಕೊರಗಿಸಿ. ಮೇಲಿನಿಂದ ತೆಗೆಯುವಾಗ ಕ್ಯಾಮೆರಾದ ಪಟ್ಟಿ ಕೊರಳಲ್ಲಿರಲೇಬೇಕು. ಮೂರು ನಾಲ್ಕು ತಿಂಗಳ ಮಗು ಬೋರಲು ಮಲಗಿ ತಲೆ ಎತ್ತುತ್ತದೆ, ಆದರೆ ಒಂದೆರಡು ನಿಮಿಷದಲ್ಲೇ ಸುಸ್ತಾಗಿ ಮುಖ ಹಾಸಿಗೆಗಿಡುತ್ತದೆ. ಲೈಟು, ಫ್ರೇಮು ಎಲ್ಲ ಸಿದ್ಧವಾದ ಮೇಲೆಯೇ ಬೋರಲು ಮಲಗಿಸಿ. ಹಾಸಿದ ಬಟ್ಟೆಯ ಕೆಳಗೆ, ಎದೆಯ ಭಾಗಕ್ಕೆ, ಸುತ್ತಿದ ಟವೆಲ್ ಇಟ್ಟರೆ ಇನ್ನೊಂದು ನಿಮಿಷ ಹೆಚ್ಚು ಸಿಗುತ್ತದೆ. ಏಳೆಂಟು ತಿಂಗಳದ್ದು ಸ್ಟುಡಿಯೊಗೆ ಹೇಳಿ ಮಾಡಿಸಿದ ವಯಸ್ಸು: ಕೂರಲು ಬರುತ್ತದೆ, ಕೂತಲ್ಲಿಂದ ಓಡಲು ಬರುವುದಿಲ್ಲ. ಒಂದು ವರ್ಷ ಹತ್ತಿರವಾದಂತೆ ಹೊಸ ಮುಖ ಕಂಡರೆ ಅಳು. ಆ ವಯಸ್ಸಿನವರ ಹತ್ತಿರ ನೇರವಾಗಿ ಹೋಗಬೇಡಿ. ಮೊದಲು ಅಮ್ಮನ ಜೊತೆ ಮಾತಾಡಿ, ನೆಲದ ಮೇಲೆ ಕೂತು ಆಟಿಕೆಯೊಂದನ್ನು ನೀವೇ ಆಡುತ್ತಿರಿ. ಮಗುವೇ ನಿಮ್ಮ ಕಡೆ ಬರುತ್ತದೆ.

ಪುಟ್ಟ ಮಗುವನ್ನು ಬೆಂಚಿನ ಮೇಲೋ ಬುಟ್ಟಿಯಲ್ಲೋ ಇಟ್ಟಾಗ ಒಬ್ಬ ದೊಡ್ಡವರ ಕೈ ಅಳತೆಯಲ್ಲಿರಬೇಕು, ಇದರಲ್ಲಿ ರಾಜಿಯಿಲ್ಲ. ಕೈ ಫ್ರೇಮ್‌ನಲ್ಲಿ ಬಂದರೆ ಬರಲಿ, ಆಮೇಲೆ ಕತ್ತರಿಸಬಹುದು. ಆನ್‌ಲೈನ್‌ನಲ್ಲಿ ಕಾಣುವ, ಹಸುಗೂಸು ತನ್ನ ಕೈಗಳ ಮೇಲೆ ಗಲ್ಲವಿಟ್ಟು ಕೂತ ಚಿತ್ರ ಬೇಕೆಂದು ಕೇಳಿಕೊಂಡು ಬರುವವರಿಗೆ ಸಮಾಧಾನದಿಂದ ತಿಳಿಸಿ ಹೇಳಬೇಕು: ಅದು ಎರಡು ಫೋಟೋ ಸೇರಿಸಿ ಮಾಡಿದ್ದು, ಒಂದರಲ್ಲಿ ತಲೆಯನ್ನು, ಇನ್ನೊಂದರಲ್ಲಿ ಮಣಿಕಟ್ಟನ್ನು ಯಾರೋ ಹಿಡಿದಿರುತ್ತಾರೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಅದಕ್ಕೆ ಕೈ ಹಾಕಬಾರದು.

ನಗಿಸುವುದಕ್ಕೂ ಕ್ರಮವಿದೆ. ಇರುವ ಆಟಿಕೆಗಳಲ್ಲಿ ಜೋರು ಸದ್ದಿನದನ್ನು ಮೊದಲೇ ಬಳಸಿದರೆ ಆಮೇಲೆ ಗಿಲಕಿಗೆ ಮಗು ತಿರುಗಿಯೂ ನೋಡುವುದಿಲ್ಲ. ಮೆಲ್ಲನೆಯ ದನಿಯಿಂದ ಶುರುಮಾಡಿ, ಒಂದು ಸಲಕ್ಕೆ ಒಂದೇ ಆಟಿಕೆ, ಅದೂ ಲೆನ್ಸ್‌ನ ತಲೆಯ ಮೇಲೆಯೇ. ಅಪ್ಪ ಒಂದು ಕಡೆಯಿಂದ, ಅಜ್ಜಿ ಇನ್ನೊಂದು ಕಡೆಯಿಂದ ಕರೆಯುತ್ತಿದ್ದರೆ ಪ್ರತಿ ಫ್ರೇಮ್‌ನಲ್ಲೂ ಮಗುವಿನ ಕಣ್ಣು ಬೇರೆ ಬೇರೆ ದಿಕ್ಕಿಗಿರುತ್ತದೆ. ಒಬ್ಬರನ್ನೇ ನಿಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡು, ನಿಮ್ಮ ತಲೆಯ ಪಕ್ಕದಿಂದ ಮಾತಾಡಿಸಲು ಹೇಳಿ. ಉಳಿದವರನ್ನು ನಯವಾಗಿ ಹೊರಗೆ ಕೂರಿಸಿ. ಒಳ್ಳೆಯ ಫ್ರೇಮ್‌ಗಳು ಬಹುತೇಕ ಮೊದಲ ಏಳೆಂಟು ನಿಮಿಷದಲ್ಲೇ ಬರುತ್ತವೆ, ಹಾಗಾಗಿ ಮನೆಯವರು ಮುಖ್ಯವಾಗಿ ಕೇಳಿದ ಉಡುಪು ಮೊದಲಿಗೇ ಆಗಿಹೋಗಲಿ.

ಬುಕಿಂಗ್ ತೆಗೆದುಕೊಳ್ಳುವಾಗ ‘ಮಗು ಎಷ್ಟು ಹೊತ್ತಿಗೆ ಮಲಗುತ್ತದೆ?’ ಎಂದು ಕೇಳುವ ಸ್ಟುಡಿಯೊ ಒಳ್ಳೆಯ ಸ್ಟುಡಿಯೊ. ನಿದ್ದೆ ಮುಗಿಸಿ ಹಾಲು ಕುಡಿದು ಬಂದ ಮಗುವಿನ ಸಿಟ್ಟಿಂಗ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಿದ್ದೆಯ ಹೊತ್ತಿಗೆ ಬಂದ ಮಗು ಅರ್ಧ ಗಂಟೆ ತಿಂದರೂ ಏನೂ ಕೊಡುವುದಿಲ್ಲ, ಅಲ್ಲಿಂದ ಮುಂದಿನ ಸ್ಲಾಟ್‌ಗಳೆಲ್ಲ ಜಾರುತ್ತಾ ಹೋಗುತ್ತವೆ.

ಎಷ್ಟೋ ಜನ ಕೆಲಸ ಬಿಡುವುದು ಮಾರಾಟದ ಮೇಜಿನಿಂದಾಗಿ. ಒಂದೇ ಸಿಟ್ಟಿಂಗ್‌ನಿಂದ ಹಲವು ಸಣ್ಣ ಪ್ರತಿ ಮಾರುವ ಲೆಕ್ಕ ಹಳೆಯದು: 1854ರಲ್ಲಿ ಪ್ಯಾರಿಸ್‌ನ ಫೋಟೋಗ್ರಾಫರ್ ಡಿಸ್ಡೆರಿ ಪೇಟೆಂಟ್ ಪಡೆದ ವಿಸಿಟಿಂಗ್ ಕಾರ್ಡ್ ಗಾತ್ರದ ಭಾವಚಿತ್ರ ನಿಂತಿದ್ದೇ ಅದರ ಮೇಲೆ. ಈಗಿನ ರೂಪದಲ್ಲಿ ಕಡಿಮೆ ಬೆಲೆಯ ಪ್ರಿಂಟ್ ಹಾಳೆಯೊಂದನ್ನು, ಅಂದರೆ ಆಫರ್ ಶೀಟನ್ನು, ಜಾಹೀರಾತು ಮಾಡಿ ಜನರನ್ನು ಕರೆಯುತ್ತಾರೆ, ಸಿಬ್ಬಂದಿಯನ್ನು ಅಳೆಯುವುದು ಮಾತ್ರ ಪ್ರತಿ ಸಿಟ್ಟಿಂಗ್‌ನ ಸರಾಸರಿ ಮಾರಾಟದಿಂದ. ಆಫರ್ ಶೀಟ್ ಮಾತ್ರ ಕೊಂಡು ಹೋದವರು ಏನೂ ತಪ್ಪು ಮಾಡಿಲ್ಲ, ಆದರೂ ನಿಮ್ಮ ಸರಾಸರಿ ಇಳಿಯಿತು. ಈ ಪದ್ಧತಿ ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ: ಆಫರ್ ಕೊಟ್ಟಿದ್ದು ಕಂಪನಿ, ಹೊರೆ ಕೌಂಟರ್‌ನಲ್ಲಿ ನಿಂತವರ ಮೇಲೆ.

ಜನರನ್ನು ಪೀಡಿಸದೆ ಮಾರುವ ದಾರಿ ಇದೆ. ತೆಗೆದದ್ದೆಲ್ಲ ತೋರಿಸಬೇಡಿ, ಕಣ್ಣು ಮುಚ್ಚಿದವು, ಒಂದೇ ಥರದವು ಮೊದಲೇ ತೆಗೆದುಹಾಕಿ ಇಪ್ಪತ್ತರೊಳಗೆ ಇಳಿಸಿ. ಎರಡೆರಡನ್ನೇ ಅಕ್ಕಪಕ್ಕ ಇಟ್ಟು ಯಾವುದು ಬೇಕೆಂದು ಕೇಳಿ. ಅಳುವಿನದ್ದೊಂದು ಇರಲಿ, ಅಮ್ಮಂದಿರು ಅದನ್ನು ಆಸೆಯಿಂದ ಕೊಳ್ಳುತ್ತಾರೆ. ಬೆಲೆ ಪಟ್ಟಿ ಅವರ ಮುಂದೆಯೇ ತೆರೆದಿರಲಿ.

ಪ್ರಿಂಟ್‌ನಲ್ಲಿ ಹೊಸಬರು ಎಡವುವುದು ಅಳತೆಯಲ್ಲಿ. ಕ್ಯಾಮೆರಾದ ಫ್ರೇಮ್ 3:2, ಹೆಚ್ಚು ಮಾರಾಟವಾಗುವ ದೊಡ್ಡ ಪ್ರಿಂಟ್ 8×10 ಇಂಚು. ಪೂರ್ತಿ ಫ್ರೇಮ್ ಉಳಿಯಬೇಕಾದರೆ 8×12 ಬೇಕಿತ್ತು, ಅಂದರೆ ಉದ್ದದಲ್ಲಿ 2 ಇಂಚು ಕತ್ತರಿಗೆ ಹೋಯಿತು. ಫ್ರೇಮ್ ತುಂಬಿ ತೆಗೆದ ಪೂರ್ಣ ನಿಲುವಿನ ಚಿತ್ರದಲ್ಲಿ ಹೋಗುವುದು ಪಾದ, ಇಲ್ಲವೇ ತಲೆ. 5×7ರಲ್ಲಿ ಅರ್ಧ ಇಂಚು ಮಾತ್ರ ಹೋಗುವುದರಿಂದ ಸಣ್ಣ ಪ್ರಿಂಟ್ ನೋಡಿದವರಿಗೆ ತೊಂದರೆ ಕಾಣುವುದಿಲ್ಲ, ದೊಡ್ಡದು ಕೈಗೆ ಬಂದಾಗ ಜಗಳ. ತೆಗೆಯುವಾಗಲೇ ಮೇಲೆ ಕೆಳಗೆ ಜಾಗ ಬಿಡಿ.

ಅಲ್ಲೇ ಪ್ರಿಂಟ್ ಕೊಡುವ ಕಡೆ ಹೆಚ್ಚಾಗಿ ಡೈ ಸಬ್ಲಿಮೇಷನ್ ಪ್ರಿಂಟರ್ (ಶಾಖದಿಂದ ಬಣ್ಣವನ್ನು ಕಾಗದಕ್ಕೆ ಇಳಿಸುವ ಯಂತ್ರ) ಇರುತ್ತದೆ. ಹಳದಿ, ಮಜೆಂಟಾ, ಸಯಾನ್, ಕೊನೆಗೆ ರಕ್ಷಣೆಯ ಪಾರದರ್ಶಕ ಪದರ ಎಂದು ಕಾಗದ ಹೆಡ್‌ನ ಕೆಳಗೆ ನಾಲ್ಕು ಸಲ ಹಾದುಬರುತ್ತದೆ. ಕಾಗದಕ್ಕೆ ಧೂಳು ಕೂತಿದ್ದರೆ ಒಂದು ಚುಕ್ಕೆ, ಹೆಡ್‌ಗೇ ಅಂಟಿದ್ದರೆ ಉದ್ದಕ್ಕೂ ಒಂದು ಗೆರೆ. ಗೆರೆ ಪ್ರತಿ ಪ್ರಿಂಟ್‌ನಲ್ಲೂ ಒಂದೇ ಜಾಗದಲ್ಲಿ ಬಂದರೆ ರೋಲ್ ಬದಲಿಸಿ ಪ್ರಯೋಜನವಿಲ್ಲ, ಹೆಡ್ ಶುಚಿ ಮಾಡಬೇಕು.

ಮೈ ಕೈ ನೋವಿನ ಮಾತು ಯಾರೂ ಸಂದರ್ಶನದಲ್ಲಿ ಹೇಳುವುದಿಲ್ಲ. ಮಗುವಿನ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಯಬೇಕಾದ್ದರಿಂದ ದಿನವಿಡೀ ಕುಕ್ಕರಗಾಲು, ಮಂಡಿ. ದಪ್ಪ ಮ್ಯಾಟ್ ಒಂದಿಲ್ಲದೆ ಈ ಕೆಲಸ ಮಾಡಬೇಡಿ. ಮಕ್ಕಳ ನೆಗಡಿ ಕೆಮ್ಮು ನಿಮಗೂ ಹತ್ತುತ್ತದೆ. ಬಾಯಿಗೆ ಹೋದ ಆಟಿಕೆಯನ್ನು ಒರೆಸದೆ ಮುಂದಿನ ಮಗುವಿಗೆ ಕೊಡುವಂತಿಲ್ಲ, ಆದ್ದರಿಂದ ಎರಡು ಡಬ್ಬಿ ಇಟ್ಟುಕೊಳ್ಳಿ, ಬಳಸಿದ್ದು ಒಂದರಲ್ಲಿ, ಒರೆಸಿದ್ದು ಇನ್ನೊಂದರಲ್ಲಿ.

ಸೇರುವ ಮೊದಲು ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಿ, ಉತ್ತರ ಬರಹದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಬುಕ್ ಮಾಡಿ ಬಾರದವರು ನಿಮ್ಮ ಸರಾಸರಿಯಲ್ಲಿ ಲೆಕ್ಕಕ್ಕೆ ಬರುತ್ತಾರೆಯೇ? ಬಾಗಿಲು ತೆರೆಯುವ ಮುಂಚಿನ ಜೋಡಣೆಗೂ ಮುಚ್ಚಿದ ಮೇಲಿನ ಪ್ರಿಂಟ್ ಕೆಲಸಕ್ಕೂ ಸಂಬಳವಿದೆಯೇ? ಶಿಫ್ಟ್‌ನಲ್ಲಿ ನೀವು ಒಬ್ಬರೇ ಇರುತ್ತೀರಾ? ಒಬ್ಬರೇ ಆದರೆ ಒಳಗೆ ಮಗುವಿನ ಸಿಟ್ಟಿಂಗ್ ನಡೆಯುವಾಗ ಹೊರಗೆ ಫೋನು, ಕೌಂಟರ್ ಎರಡೂ ಕಾಯುತ್ತಿರುತ್ತವೆ, ಊಟಕ್ಕೂ ಬಿಡುವು ಸಿಗುವುದಿಲ್ಲ. ರಜೆ, ಹಬ್ಬಗಳ ಮುಂಚಿನ ವಾರಗಳಲ್ಲಿ ಎರಡನೆಯವರನ್ನು ಕೊಡುತ್ತಾರೆಯೇ ಎಂಬುದನ್ನು ಬೇರೆಯಾಗಿಯೇ ಕೇಳಬೇಕು. ನೀವು ತೆಗೆದ ಚಿತ್ರಗಳು ಸಾಮಾನ್ಯವಾಗಿ ಕಂಪನಿಯ ಸ್ವತ್ತು. ಪೋರ್ಟ್‌ಫೋಲಿಯೊದಲ್ಲಿ ಹಾಕಿಕೊಳ್ಳಲು ಕಂಪನಿಯ ಅನುಮತಿಯೂ ಬೇಕು, ಮಗುವಿನ ತಂದೆತಾಯಿಯ ಸಹಿಯೂ ಬೇಕು. ಅನುಮತಿ ಇಲ್ಲವೆಂದರೆ ಪರಿಚಯದವರ ಮಕ್ಕಳನ್ನು ರಜೆಯ ದಿನ, ಅವರ ಮನೆಯ ಕಿಟಕಿ ಬೆಳಕಿನಲ್ಲಿ ತೆಗೆದು ನಿಮ್ಮದೇ ಸಂಗ್ರಹವನ್ನು ಸೇರಿದ ತಿಂಗಳಿಂದಲೇ ಕಟ್ಟಲು ಶುರುಮಾಡಿ.